ಮ್ಯಾನರಿಸಂ: ಆ ಕತ್ತು ಯಾಕೆ ಅಷ್ಟು ಉದ್ದ? ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾನರಿಸಂ ಅಂದ್ರೆ ಏನು? ಚುಟುಕಾಗಿ ಹೇಳಿ.

ಇಟಲಿಯಲ್ಲಿ ಸುಮಾರು 1520ರಿಂದ 1590ರ ತನಕ ನಡೆದ ಒಂದು ಕಲೆಯ ಧಾಟಿ. ಮೈ ಉದ್ದುದ್ದ, ತಲೆ ಚಿಕ್ಕದು, ನಿಲುವು ಹಗ್ಗ ಹೊಸೆದ ಹಾಗೆ ತಿರುಚಿರುತ್ತದೆ. ಬಣ್ಣಗಳು ವಿಚಿತ್ರ. ಹಿಂದೆ ಜಾಗ ಎಷ್ಟಿದೆ ಅಂತ ಅಂದಾಜೇ ಸಿಗುವುದಿಲ್ಲ. ನೋಡಿದ ಕೂಡಲೇ ಏನೋ ಸರಿ ಇಲ್ಲವಲ್ಲ ಅನ್ನಿಸಿದರೆ ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಹಾಗೆ ಅನ್ನಿಸಲಿ ಅಂತಲೇ ಮಾಡಿದ್ದು.

ಈ ಹೆಸರು ಎಲ್ಲಿಂದ ಬಂತು?

ಇಟಾಲಿಯನ್ನಿನ ‘ಮನಿಯೆರಾ’ದಿಂದ. ಧಾಟಿ, ಶೈಲಿ, ಠೀವಿ ಅಂತೆಲ್ಲ ಅರ್ಥ ಮಾಡಿಕೊಳ್ಳಬಹುದು. 1550ರಲ್ಲಿ ಕಲಾವಿದರ ಜೀವನಚರಿತ್ರೆಗಳ ದೊಡ್ಡ ಪುಸ್ತಕ ಬರೆದ ಜಾರ್ಜೊ ವಸಾರಿ ಈ ಮಾತನ್ನು ಹೊಗಳಿಕೆಯಾಗಿಯೇ ಬಳಸುತ್ತಿದ್ದ. ಒಳ್ಳೆ ಮನಿಯೆರಾ ಇದೆ ಅಂದರೆ ಕೈ ಪಳಗಿದೆ, ಸೊಗಸು ಇದೆ ಅಂತ. ಮುಂದಿನ ಶತಮಾನದವರು ಅದನ್ನೇ ಬೈಗುಳ ಮಾಡಿದರು. ನಿಜವಾದ ಮೈಯನ್ನು ನೋಡದೆ, ಗುರುಗಳ ಧಾಟಿಯನ್ನೇ ತಿರುಗಿಸಿ ಮುರುಗಿಸಿ ಬರೆಯೋರು ಅನ್ನೋ ಅರ್ಥ ಬಂತು. ‘ಮ್ಯಾನರಿಸಂ’ ಅನ್ನೋ ಪದವನ್ನು ಒಂದು ಕಾಲಘಟ್ಟಕ್ಕೆ ಅಂಟಿಸಿದವನು ಲೂಯಿಜಿ ಲಾಂಜಿ ಅನ್ನೋ ಕಲಾ ಇತಿಹಾಸಕಾರ, 1790ರ ದಶಕದಲ್ಲಿ. ಅಂದರೆ ಈ ಕಲಾವಿದರು ಯಾರಿಗೂ ತಾವು ಮ್ಯಾನರಿಸ್ಟ್ ಅಂತ ಗೊತ್ತೇ ಇರಲಿಲ್ಲ, ಪಾಪ.

ಇವರಿಗೆ ಸರಿಯಾಗಿ ಚಿತ್ರ ಬರೆಯೋಕೆ ಬರ್ತಿರಲಿಲ್ವಾ?

ಬರ್ತಿತ್ತು. ಜಾಸ್ತಿಯೇ ಬರ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಅವರ ಜಾಗದಲ್ಲಿ ನಿಂತು ಯೋಚಿಸಿ. ನೀವು ಹುಟ್ಟಿದ್ದು 1494ರಲ್ಲೋ 1503ರಲ್ಲೋ. ನೀವು ಕೆಲಸ ಕಲಿಯುವ ಹೊತ್ತಿಗೆ ಲಿಯೊನಾರ್ಡೊ, ರಫೇಲ್, ಮೈಕೆಲ್ಯಾಂಜೆಲೊ ಮೂವರೂ ಸೇರಿ ಮೈಯ ಅಳತೆ, ದೂರ ಹತ್ತಿರದ ಲೆಕ್ಕ, ಬೆಳಕು ನೆರಳು ಎಲ್ಲವನ್ನೂ ಮುಗಿಸಿಬಿಟ್ಟಿದ್ದಾರೆ. 1519ರಲ್ಲಿ ಲಿಯೊನಾರ್ಡೊ ಸತ್ತ, 1520ರಲ್ಲಿ ರಫೇಲ್. ಈಗ ನೀವೇನು ಮಾಡುತ್ತೀರಿ? ಅವರ ಹಾಗೇ ಬರೆದರೆ ಕಾಪಿ ಅನ್ನುತ್ತಾರೆ, ಮೀರಿಸೋಣ ಅಂದರೆ ಆ ದಾರಿಯಲ್ಲಿ ಜಾಗವೇ ಉಳಿದಿಲ್ಲ. ಹಾಗಾಗಿ ಈ ಹುಡುಗರು ಪಕ್ಕಕ್ಕೆ ಹೊರಳಿದರು. ನಿಯಮ ಗೊತ್ತಿದ್ದೂ ಮುರಿದರು, ಅದೂ ನಿಯಮ ಗೊತ್ತಿರುವವರಿಗೆ ಮಾತ್ರ ಮಜಾ ಸಿಗುವ ಹಾಗೆ.

ಮಾಂಟುವಾದಲ್ಲಿ ಪಲಾತ್ಸೊ ತೆ ಅಂತ ಒಂದು ಅರಮನೆ ಇದೆ. ರಫೇಲನ ಶಿಷ್ಯ ಜೂಲಿಯೊ ರೊಮಾನೊ 1525ರಿಂದ ಹತ್ತು ವರ್ಷ ಕಟ್ಟಿದ್ದು. ಅದರ ಅಂಗಳದಲ್ಲಿ ಮೇಲಿನ ಪಟ್ಟಿಯ ಕೆಲವು ಕಲ್ಲುಗಳು ಜಾರಿ ಕೆಳಗೆ ಬೀಳುತ್ತಿರುವ ಹಾಗೆ ಕಾಣುತ್ತವೆ. ಕಟ್ಟಿದ್ದೇ ಹಾಗೆ! ಶಾಸ್ತ್ರ ಗೊತ್ತಿಲ್ಲದವನು ಸುಮ್ನೆ ನೋಡಿಕೊಂಡು ಹೋಗುತ್ತಾನೆ, ಗೊತ್ತಿದ್ದವನು ಅಯ್ಯೋ ಅಂದು ಆಮೇಲೆ ನಗುತ್ತಾನೆ. ಒಳಗೆ ದೈತ್ಯರ ಕೋಣೆ ಅಂತ ಒಂದಿದೆ. ನೆಲದಿಂದ ಚಾವಣಿ ತನಕ ಒಂದೇ ಚಿತ್ರ, ಗೋಡೆ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ, ಬಂಡೆಗಳೆಲ್ಲ ನಮ್ಮ ತಲೆ ಮೇಲೆ ಉರುಳುತ್ತಿರುತ್ತವೆ.

ರೋಮಿನ ಲೂಟಿಯಿಂದ ಹೀಗಾಯಿತು ಅಂತ ಓದಿದ್ದೇನೆ. ನಿಜವಾ?

ಅರ್ಧ ನಿಜ. 1527ರ ಮೇ 6ರಂದು ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯ, ಸಂಬಳವಿಲ್ಲದೆ ಕೆರಳಿದ್ದ ಸೈನ್ಯ, ರೋಮಿಗೆ ನುಗ್ಗಿ ಊರನ್ನೇ ದೋಚಿತು. ಪೋಪ್ ಕೋಟೆ ಸೇರಿಕೊಂಡ. ಆಗ ರೋಮಿನಲ್ಲಿದ್ದ ಕಲಾವಿದರು ದಿಕ್ಕಾಪಾಲಾಗಿ ಹೋದರು. ರೊಸ್ಸೊ ಫಿಯೊರೆಂಟೀನೊ ಸೈನಿಕರ ಕೈಗೆ ಸಿಕ್ಕಿ ಕಷ್ಟಪಟ್ಟ, ಊರೂರು ಸುತ್ತಿದ, ಕೊನೆಗೆ ಫ್ರಾನ್ಸಿನ ದೊರೆಯ ಫಾಂಟೆನ್‌ಬ್ಲೋ ಅರಮನೆ ಸೇರಿದ. ಪಾರ್ಮಿಜಾನಿನೊ ಚಿತ್ರ ಬರೆಯುತ್ತಿದ್ದಾಗಲೇ ಜರ್ಮನ್ ಸೈನಿಕರು ಮನೆಗೆ ನುಗ್ಗಿದರಂತೆ, ಚಿತ್ರ ನೋಡಿ ದಂಗಾಗಿ ಅವನ ಪಾಡಿಗೆ ಅವನನ್ನು ಬಿಟ್ಟರಂತೆ. ಇದು ವಸಾರಿ ಹೇಳುವ ಕಥೆ, ಉಪ್ಪು ಹುಳಿ ಹಾಕುವುದರಲ್ಲಿ ಅವನೇನೂ ಕಮ್ಮಿ ಇಲ್ಲ.

ಆದರೆ ತಾರೀಕು ನೋಡಿ. ರೊಸ್ಸೊ ತನ್ನ ಅತಿ ವಿಚಿತ್ರವಾದ ಚಿತ್ರವನ್ನು, ಶಿಲುಬೆಯಿಂದ ಏಸುವನ್ನು ಇಳಿಸುವ ದೃಶ್ಯವನ್ನು, ವೊಲ್ತೆರಾ ಊರಿಗೆ ಬರೆದುಕೊಟ್ಟದ್ದು 1521ರಲ್ಲಿ. ಲೂಟಿಗೆ ಇನ್ನೂ ಆರು ವರ್ಷ ಇತ್ತು. ಲೂಟಿ ಈ ಕಲೆಯನ್ನು ಹುಟ್ಟಿಸಲಿಲ್ಲ. ಊರೂರಿಗೆ ಹರಡಿತು ಅಷ್ಟೆ.

ಒಂದೇ ಒಂದು ಚಿತ್ರ ನೋಡಬೇಕಂದ್ರೆ ಯಾವುದು?

ಪೊಂಟೋರ್ಮೊ ಬರೆದ, ಏಸುವಿನ ದೇಹವನ್ನು ಹೊತ್ತೊಯ್ಯುವ ಚಿತ್ರ. ಫ್ಲಾರೆನ್ಸಿನ ಸಾಂತಾ ಫೆಲಿಚಿತಾ ಚರ್ಚಿನಲ್ಲಿ, ಕಪ್ಪೋನಿ ಮನೆತನದ ಚಿಕ್ಕ ಪ್ರಾರ್ಥನಾ ಕೋಣೆಯಲ್ಲಿದೆ. ಬರೆದದ್ದು 1525ರಿಂದ 1528. ಮ್ಯೂಸಿಯಂಗೆ ಸಾಗಿಸಿಲ್ಲ, ಯಾವ ಜಾಗಕ್ಕೆ ಬರೆದನೋ ಅಲ್ಲೇ ಇದೆ. ಮೂರು ಮೀಟರಿಗೂ ಎತ್ತರದ ಹಲಗೆ.

ಮೊದಲು ಏನು ಇಲ್ಲ ಅಂತ ನೋಡಿ. ಶಿಲುಬೆ ಇಲ್ಲ. ಏಣಿ ಇಲ್ಲ. ಸಮಾಧಿ ಇಲ್ಲ. ಮರ, ಊರು, ಬೆಟ್ಟ ಒಂದೂ ಇಲ್ಲ. ಎಡಗಡೆ ಮೇಲೆ ಒಂದು ಮೋಡದ ತುಣುಕು, ಅಷ್ಟೆ. ಉಳಿದ ಜಾಗವೆಲ್ಲ ಮನುಷ್ಯರು, ಒಬ್ಬರ ಮೇಲೊಬ್ಬರು, ಬೆಟ್ಟ ಕಟ್ಟಿದ ಹಾಗೆ. ಅವರು ನಿಂತಿರೋದು ಯಾವುದರ ಮೇಲೆ? ಮೇಲಿರುವ ಹೆಂಗಸರ ಕಾಲ ಕೆಳಗೆ ಏನಿದೆ? ಹುಡುಕಿ, ಸಿಗುವುದಿಲ್ಲ.

ಈಗ ಮುಂದೆ ಕುಕ್ಕರಗಾಲಲ್ಲಿ ಕೂತ ಹುಡುಗನನ್ನು ನೋಡಿ. ಒಂದು ಹೆಣದ ಭಾರ ಅವನ ಹೆಗಲ ಮೇಲಿದೆ. ಹೆಣ ಎಷ್ಟು ಭಾರ ಅಂತ ಹೊತ್ತವರಿಗೆ ಗೊತ್ತು. ಇವನು ಮಾತ್ರ ಕಾಲ ಬೆರಳ ತುದಿಯಲ್ಲಿ ಕೂತು ಹೊತ್ತಿದ್ದಾನೆ, ಹತ್ತಿಯ ಮೂಟೆ ಹೊತ್ತ ಹಾಗೆ. ಮುಖದಲ್ಲಿ ಮಾತ್ರ ಏನೋ ಗಾಬರಿ, ನಮ್ಮ ಕಡೆಯೇ ನೋಡುತ್ತಿದ್ದಾನೆ, ಎಲ್ಲಿಡಲಿ ಇದನ್ನು ಅಂತ ನಮ್ಮನ್ನೇ ಕೇಳುವ ಹಾಗೆ. ಅವರು ಏಸುವನ್ನು ಹೊತ್ತುಕೊಂಡು ಚಿತ್ರದಿಂದ ಹೊರಗೆ, ಕೆಳಗಿರುವ ಪೂಜೆಯ ಪೀಠದ ಮೇಲೆ ಇಳಿಸಲು ಬರುತ್ತಿರುವ ಹಾಗಿದೆ. ತಾಯಿ ಮೇರಿ ಆಗಲೇ ಹಿಂದೆ ಸರಿದಿದ್ದಾಳೆ, ಮಗನ ಮೈಯಿಂದ ಅವಳ ಮೈ ಈಗಷ್ಟೇ ಬಿಟ್ಟುಕೊಂಡಿದೆ, ನಡುವೆ ಒಂದು ಖಾಲಿ ಜಾಗ. ಚಿತ್ರದ ನಟ್ಟನಡುವೆ ಇರುವುದು ಮುಖವಲ್ಲ, ಕೈಗಳ ಒಂದು ಗೊಂಚಲು, ಒಂದು ಮುದುಡಿದ ಬಟ್ಟೆ. ಬಲತುದಿಯಲ್ಲಿ ಇಣುಕುವ ಗಡ್ಡದ ಮುಖ ಪೊಂಟೋರ್ಮೊನದೇ ಅನ್ನುತ್ತಾರೆ.

ನಾನು ಇದರ ಫೋಟೋ ಮೊದಲು ನೋಡಿದಾಗ ಪ್ರಿಂಟಿನ ಬಣ್ಣವೇ ಕೆಟ್ಟಿದೆ ಅಂದುಕೊಂಡಿದ್ದೆ. ಸಾವಿನ ಚಿತ್ರಕ್ಕೆ ಯಾರಾದರೂ ಗುಲಾಬಿ, ತಿಳಿನೀಲಿ, ಎಳೆ ಹಸಿರು ಹಾಕುತ್ತಾರಾ? ನೆರಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ವಸಾರಿಗೂ ಇದೇ ದೂರು ಇತ್ತು. ಪೊಂಟೋರ್ಮೊ ಮೂರು ವರ್ಷ ಆ ಕೋಣೆಗೆ ಅಡ್ಡಕಟ್ಟಿ, ಬರೆಸಿದ ಯಜಮಾನನನ್ನೂ ಒಳಗೆ ಬಿಡದೆ ಬರೆದನಂತೆ.

ಆ ಬಣ್ಣಗಳು ಎಲ್ಲಿಂದ ಬಂದವು?

ರೇಷ್ಮೆ ಸೀರೆಯಲ್ಲಿ ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದರೆ ಮಡಿಕೆ ತಿರುಗಿದ ಕಡೆ ಬೇರೆಯೇ ಬಣ್ಣ ಮಿಂಚುತ್ತದಲ್ಲ, ಅದೇ ತಂತ್ರ. ಇಟಾಲಿಯನ್ನಿನಲ್ಲಿ ಇದಕ್ಕೆ ‘ಕಾಂಜಾಂತೆ’ ಅನ್ನುತ್ತಾರೆ. ಹಸಿರು ಬಟ್ಟೆಯ ನೆರಳಿಗೆ ಕಡು ಹಸಿರಿನ ಬದಲು ಕೆಂಪೋ ನೇರಳೆಯೋ ಹಾಕುವುದು. ಇದು ಪೊಂಟೋರ್ಮೊನ ತಲೆಹರಟೆ ಅಂತ ಬಹಳ ಕಾಲ ತಿಳಿದಿದ್ದರು. 1980ರಿಂದ ಪೋಪನ ಅರಮನೆಯ ಸಿಸ್ಟೀನ್ ಚಾಪೆಲಿನ ಚಾವಣಿಯ ಮಸಿ ತೊಳೆದರು ನೋಡಿ, ಕೆಳಗಿನಿಂದ ಮೈಕೆಲ್ಯಾಂಜೆಲೊನ ಗುಲಾಬಿ, ನಿಂಬೆಹಳದಿ, ಹಸಿರುಗಳು ಎದ್ದು ಬಂದವು. ಆಗ ಗೊತ್ತಾಯಿತು, ಹುಡುಗರು ಇದನ್ನು ಕಲಿತದ್ದು ಯಾರಿಂದ ಅಂತ.

ಪೊಂಟೋರ್ಮೊಗೆ ಸ್ವಲ್ಪ ಹುಚ್ಚಿತ್ತಂತೆ?

ಒಂಟಿ ಮನುಷ್ಯ. ಹುಚ್ಚ ಅನ್ನುವುದು ತಪ್ಪು. ಮಲಗುವ ಕೋಣೆಗೆ ಏಣಿ ಹತ್ತಿ ಹೋಗಿ, ಯಾರೂ ಬಾರದ ಹಾಗೆ ರಾಟೆಯಿಂದ ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಕೊನೆಗಾಲದಲ್ಲಿ, 1554ರಿಂದ 1556ರ ತನಕ, ಒಂದು ದಿನಚರಿ ಇಟ್ಟಿದ್ದ, ಅದು ಉಳಿದಿದೆ. ಇವತ್ತು ಒಂದು ತೋಳು ಬರೆದೆ, ರಾತ್ರಿ ಇಷ್ಟು ಔನ್ಸ್ ರೊಟ್ಟಿ ಮತ್ತು ಮೊಟ್ಟೆ ತಿಂದೆ, ಹೊಟ್ಟೆ ಸರಿ ಇಲ್ಲ. ಹೀಗೇ ಸಾಗುತ್ತದೆ. ಪಕ್ಕದಲ್ಲಿ ಅವತ್ತು ಬರೆದ ತೋಳಿನದೋ ತಲೆಯದೋ ಪುಟಾಣಿ ಗೀಚು. ಕಲೆ ಬಗ್ಗೆ ದೊಡ್ಡ ಮಾತು ಹುಡುಕಿಕೊಂಡು ಹೋದವರಿಗೆ ನಿರಾಸೆ ಆಗುತ್ತದೆ. ನನಗಂತೂ ಬಹಳ ಇಷ್ಟ.

ಆಗ ಅವನು ಬರೆಯುತ್ತಿದ್ದದ್ದು ಸಾನ್ ಲೊರೆಂಜೊ ಚರ್ಚಿನ ದೊಡ್ಡ ಗೋಡೆಚಿತ್ರ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿಟ್ಟು ಬರೆದ, ಮುಗಿಸುವ ಮುಂಚೆ ಸತ್ತ, ಶಿಷ್ಯ ಬ್ರೊಂಜಿನೊ ಮುಗಿಸಿದ. ಜನಕ್ಕೆ ಹಿಡಿಸಲಿಲ್ಲ. ನಾನೂ ಚಿತ್ರಕಾರನೇ, ಆದರೂ ಇದು ನನಗೆ ಅರ್ಥವಾಗಲಿಲ್ಲ ಅನ್ನೋ ಅರ್ಥದಲ್ಲಿ ವಸಾರಿ ಬರೆದ. ಹದಿನೆಂಟನೇ ಶತಮಾನದಲ್ಲಿ ಅದನ್ನು ನಾಶ ಮಾಡಿದರು. ಈಗ ಉಳಿದಿರುವುದು ರೇಖಾಚಿತ್ರಗಳು, ಮತ್ತೆ ಆ ಮೊಟ್ಟೆ ರೊಟ್ಟಿಯ ಲೆಕ್ಕ.

ಉದ್ದ ಕತ್ತಿನ ಮೇರಿ ಯಾರ ಕೆಲಸ?

ಪಾರ್ಮಿಜಾನಿನೊ, ಅಂದರೆ ‘ಪಾರ್ಮಾದ ಪುಟ್ಟ’. ಇಪ್ಪತ್ತೊಂದರ ವಯಸ್ಸಿನಲ್ಲಿ ಕ್ಷೌರಿಕರ ಉಬ್ಬುಗನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಮರದ ಗುಂಡನ್ನು ಕಡೆಸಿ, ಸೀಳಿಸಿ, ಆ ಉಬ್ಬಿನ ಮೇಲೇ ತನ್ನ ಚಿತ್ರ ಬರೆದ. ಅಡ್ಡಳತೆ ಸುಮಾರು 24 ಸೆಂಟಿಮೀಟರ್. ಮುಖ ದೇವದೂತನ ಹಾಗೆ, ಮುಂದೆ ಚಾಚಿದ ಕೈ ಮಾತ್ರ ಮುಖಕ್ಕಿಂತ ದೊಡ್ಡದು. ಐದುನೂರು ವರ್ಷ ಹಿಂದಿನ ಸೆಲ್ಫಿ ಅನ್ನೋ ಜೋಕು ಹಳೇದಾಯಿತು, ಆದರೆ ಫೋನನ್ನು ಹತ್ತಿರ ಹಿಡಿದಾಗ ಕೈ ಉಬ್ಬುತ್ತದಲ್ಲ, ಥೇಟ್ ಹಾಗೇ ಇದೆ. ಈಗ ವಿಯೆನ್ನಾದಲ್ಲಿದೆ.

ಉದ್ದ ಕತ್ತಿನ ಚಿತ್ರ ಫ್ಲಾರೆನ್ಸಿನ ಉಫಿಜಿ ಮ್ಯೂಸಿಯಂನಲ್ಲಿದೆ. 1534ರಲ್ಲಿ ಎಲೆನಾ ಬಾಯಾರ್ಡಿ ಅನ್ನೋ ಹೆಂಗಸು ಪಾರ್ಮಾದ ಒಂದು ಚರ್ಚಿಗೆ ಬರೆಸಿದ್ದು. ಕತ್ತು ಮಾತ್ರ ಅಲ್ಲ, ಬೆರಳು, ತೊಡೆ, ಮಡಿಲಲ್ಲಿ ಜಾರುತ್ತಿರುವ ಮಗು, ಎಲ್ಲವೂ ಉದ್ದ. ಎಡಗಡೆ ದೇವದೂತ ಹಿಡಿದ ಹೂಜಿ ನೋಡಿ, ಅದರ ಕತ್ತು ಹೊಟ್ಟೆಗಳ ಗೆರೆಯೇ ಮೇರಿಯ ಮೈಯಲ್ಲೂ ಇದೆ. ಹೆಣ್ಣಿನ ಮೈಯನ್ನು ಹೂಜಿಯ ಅಳತೆಗೆ ತಂದಿದ್ದಾನೆ, ಅದೇ ಆಟ. ಮಗು ಮಲಗಿದೆಯೋ ಸತ್ತಿದೆಯೋ ಅನ್ನುವ ಅನುಮಾನ ಬರುವ ಹಾಗೆ ಬರೆದಿದ್ದಾನೆ, ಮುಂದೆ ಆಗುವುದನ್ನು ಈಗಲೇ ತೋರಿಸುವುದಕ್ಕೆ. ಬಲಗಡೆ ಹಿಂದೆ ಕಂಬವಿದೆ. ಮೇಲೆ ನೋಡಿದರೆ ಒಂದೇ ಕಂಬ, ಬುಡ ನೋಡಿದರೆ ಸಾಲು ಕಂಬ. ಅದರ ಮುಂದೆ ಸುರುಳಿ ಬಿಚ್ಚಿದ ಮುದುಕ, ನಮ್ಮ ಬೆರಳಷ್ಟು. ಅವನ ಪಕ್ಕ ಯಾರದೋ ಒಂದು ಪಾದ ಮಾತ್ರ, ಮೈ ಇಲ್ಲ. ಚಿತ್ರ ಮುಗಿಯಲಿಲ್ಲ. 1540ರಲ್ಲಿ, 37ರ ವಯಸ್ಸಿಗೆ, ಸತ್ತುಹೋದ. ಅದಕ್ಕೂ ಮುಂಚೆ ಇನ್ನೊಂದು ಚರ್ಚಿನ ಕೆಲಸ ಮುಗಿಸದೆ ಕೈಕೊಟ್ಟಿದ್ದಕ್ಕೆ ಜೈಲಿಗೂ ಹಾಕಿದ್ದರು.

ಭಾವಚಿತ್ರಗಳಲ್ಲಿ ಎಲ್ಲರೂ ಯಾಕೆ ಕಲ್ಲಿನ ಮುಖ ಹೊತ್ತಿದ್ದಾರೆ?

ಅದು ಬ್ರೊಂಜಿನೊ ಪ್ರಭಾವ. ಅವನು ಫ್ಲಾರೆನ್ಸಿನ ದೊರೆ ಕೋಸಿಮೊ ಮೆಡಿಚಿಯ ಆಸ್ಥಾನದಲ್ಲಿದ್ದ, ದೊರೆಗಳಿಗೆ ನಗುವ ಮುಖ ಬೇಕಿರಲಿಲ್ಲ. ಕೋಸಿಮೊನ ಹೆಂಡತಿ ಎಲೆನೊರಾ ಮತ್ತು ಮಗ ಜೊವಾನ್ನಿಯ ಚಿತ್ರ, 1545ರ ಸುಮಾರಿನದು, ನೋಡಿ. ಜರಿ, ಮಖಮಲ್ಲು, ಮುತ್ತು ಒಂದೊಂದನ್ನೂ ಕೈಯಲ್ಲಿ ಮುಟ್ಟಬಹುದು ಅನ್ನಿಸುತ್ತದೆ. ಮುಖ ಮುಟ್ಟಿದರೆ ಮಾತ್ರ ತಣ್ಣಗಿರಬೇಕು. ಆ ಉಡುಪು ಒಂದು ಕೋಟೆ. 1562ರಲ್ಲಿ ಕೆಲವೇ ವಾರಗಳೊಳಗೆ ಈ ಹುಡುಗ, ಅವನ ತಮ್ಮ, ತಾಯಿ ಮೂವರೂ ಜ್ವರದಲ್ಲಿ ತೀರಿಕೊಂಡರು. ಅದು ಗೊತ್ತಾದ ಮೇಲೆ ನನಗೆ ಆ ಮುಖ ಬೇರೆ ಥರ ಕಾಣುತ್ತದೆ.

ಶಿಲ್ಪಕ್ಕೂ ಇದಕ್ಕೂ ಏನು ಸಂಬಂಧ?

ಮುಖ್ಯ ಮಾತು ‘ಫಿಗೂರಾ ಸೆರ್ಪೆಂತಿನಾತಾ’, ಹಾವಿನ ಹಾಗೆ ಸುತ್ತಿಕೊಂಡು ಮೇಲೇಳುವ ಮೈ. ಇದರ ರಾಜ ಜಾಂಬೊಲೊನ್ಯ. ಹುಟ್ಟಿದ್ದು ಇಟಲಿಯಲ್ಲ, ಈಗ ಫ್ರಾನ್ಸಿನಲ್ಲಿರುವ ದುವೇ ಊರು. ಹುಡುಗನಾಗಿದ್ದಾಗ ನುಣುಪಾಗಿ ತಿದ್ದಿ ತೀಡಿದ ಒಂದು ಮೇಣದ ಗೊಂಬೆಯನ್ನು ಮುದುಕ ಮೈಕೆಲ್ಯಾಂಜೆಲೊಗೆ ತೋರಿಸಿದನಂತೆ. ಅವನು ಅದನ್ನು ಹಿಸುಕಿ ಹಾಕಿ, ಹೊಸದಾಗಿ ಮಾಡಿ ಕೊಟ್ಟು, ಮೊದಲು ಆಕಾರ ಕಲಿ, ಆಮೇಲೆ ನುಣುಪು ಅಂದನಂತೆ.

ಹಳೇ ರೋಮಿನ ಕಥೆಯಲ್ಲಿ ಬರುವ ಸೇಬೈನ್ ಕುಲದ ಹೆಣ್ಣಿನ ಅಪಹರಣದ, ಜಾಂಬೊಲೊನ್ಯನ ಶಿಲ್ಪ 1583ರಿಂದ ಫ್ಲಾರೆನ್ಸಿನ ಲೋಜ್ಜಾ ದೇಯ್ ಲಾಂಜಿ ಅನ್ನೋ ತೆರೆದ ಮಂಟಪದಲ್ಲಿ ನಿಂತಿದೆ. ನಾಲ್ಕು ಮೀಟರಿಗೂ ಎತ್ತರ, ಒಂದೇ ಅಮೃತಶಿಲೆ, ಮೂರು ಮೈ. ಕೆಳಗೆ ಕುಸಿದ ಮುದುಕ, ನಡುವೆ ಯುವಕ, ಅವನ ತೋಳಲ್ಲಿ ಕೈ ಚಾಚಿ ಕೂಗುವ ಹೆಣ್ಣು. ಇದಕ್ಕೆ ಮುಂಭಾಗವೇ ಇಲ್ಲ. ಎಲ್ಲಿ ನಿಂತರೂ ಏನೋ ಒಂದು ಮರೆಯಾಗಿರುತ್ತದೆ, ಹಾಗಾಗಿ ಸುತ್ತಲೇಬೇಕು. ತಮಾಷೆ ಏನಂದ್ರೆ ಕೆತ್ತುವಾಗ ಇದಕ್ಕೆ ಕಥೆಯೇ ಇರಲಿಲ್ಲ. ಮೂರು ಮೈಯನ್ನು ಒಂದು ಕಲ್ಲಲ್ಲಿ ತಿರುಚುತ್ತೇನೆ ಅನ್ನೋ ಪಂಥ ಅಷ್ಟೆ. ಮುಗಿದ ಮೇಲೆ ಬೇರೆಯವರು ಹೆಸರು ಹುಡುಕಿ ಕೊಟ್ಟರು, ಆಮೇಲೆ ಇವನು ಆ ಕಥೆಯ ಕಂಚಿನ ಫಲಕವೊಂದನ್ನು ಪೀಠಕ್ಕೆ ಸೇರಿಸಿದ.

ಎಲ್ಲರೂ ಗೆಲ್ಲಲಿಲ್ಲ ಅನ್ನಿ. ಅಲ್ಲೇ ಚೌಕದಲ್ಲಿ ಬಾಂದಿನೆಲ್ಲಿಯ ಹರ್ಕ್ಯುಲಿಸ್ ಇದೆ, ಮೈ ತುಂಬ ಮಾಂಸದ ಗಂಟು. ಕರಬೂಜ ತುಂಬಿದ ಮೂಟೆ ಅಂತ ಇನ್ನೊಬ್ಬ ಶಿಲ್ಪಿ ಚೆಲ್ಲಿನಿ ಗೇಲಿ ಮಾಡಿದ್ದ. ನೋಡಿದ ಮೇಲೆ ಕರಬೂಜ ಮರೆಯುವುದು ಕಷ್ಟ.

ಚೆಲ್ಲಿನಿ ಪಾತ್ರೆ ಕರಗಿಸಿದ ಕಥೆ ಏನು?

ಅವನೇ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡದ್ದು, ಅವನೋ ಬಡಾಯಿಯಲ್ಲಿ ಎತ್ತಿದ ಕೈ. ಗ್ರೀಕ್ ಪುರಾಣದ ರಾಕ್ಷಸಿ ಮೆಡೂಸಾಳ ತಲೆ ಕಡಿದು ಹಿಡಿದ ವೀರ ಪರ್ಸಿಯಸ್‌ನ ಕಂಚಿನ ಎರಕ ಹೊಯ್ಯುವ ದಿನ ಜ್ವರ ಬಂದು ಮಲಗಿದ. ಲೋಹ ಗಟ್ಟಿಯಾಗುತ್ತಿದೆ ಅಂತ ಸುದ್ದಿ ಬಂತು. ಎದ್ದು ಓಡಿದ, ಒಣ ಓಕ್ ಸೌದೆ ತುಂಬಿಸಿದ, ಅಷ್ಟರಲ್ಲಿ ಚಾವಣಿಗೇ ಬೆಂಕಿ. ಲೋಹ ಹರಿಯಲಿಲ್ಲ, ತವರ ಸಾಲದು ಅಂತ ಮನೆಯ ತಟ್ಟೆ ಬಟ್ಟಲು ಸುಮಾರು 200 ತಂದು ಒಳಗೆ ಹಾಕಿದ. ಹರಿಯಿತು. ಕೊನೆಗೆ ಕೊರತೆ ಬಿದ್ದದ್ದು ಬಲಗಾಲಿನ ಬೆರಳುಗಳಲ್ಲಿ ಮಾತ್ರ. 1554ರ ಏಪ್ರಿಲಿನಲ್ಲಿ ಪ್ರದರ್ಶನಕ್ಕೆ ಇಟ್ಟರು. ಮೆಡೂಸಾಳ ಕಣ್ಣಿಗೆ ಬಿದ್ದವರು ಕಲ್ಲಾಗುತ್ತಾರೆ ಅಂತ ಕಥೆ. ಎದುರಿಗೆ ನಿಂತಿದ್ದವು ಮೈಕೆಲ್ಯಾಂಜೆಲೊ, ಬಾಂದಿನೆಲ್ಲಿಯರ ಕಲ್ಲಿನ ಮೂರ್ತಿಗಳು. ಕಿಲಾಡಿ!

ಒಂದು ಉಪ್ಪಿನ ಬಟ್ಟಲಿಗೆ ಅಷ್ಟು ಬೆಲೆ ಯಾಕೆ?

ಅದೂ ಚೆಲ್ಲಿನಿಯದೇ. ಫ್ರಾನ್ಸಿನ ದೊರೆಗೆ 1540ರಿಂದ 1543ರಲ್ಲಿ ಚಿನ್ನದಲ್ಲಿ ಮಾಡಿದ್ದು, 26 ಸೆಂಟಿಮೀಟರ್ ಎತ್ತರ. ಸಮುದ್ರದೇವ, ಭೂದೇವಿ ಎದುರುಬದುರು ಕಾಲು ಚಾಚಿ ಒರಗಿದ್ದಾರೆ, ಇಬ್ಬರೂ ಈಗ ಹಿಂದಕ್ಕೆ ಬೀಳುತ್ತಾರೆ ಅನ್ನಿಸುತ್ತದೆ, ಬೀಳುವುದಿಲ್ಲ. ದೇವನ ಪಕ್ಕದ ಹಡಗಿನಲ್ಲಿ ಉಪ್ಪು, ದೇವಿಯ ಪಕ್ಕದ ಪುಟ್ಟ ಗುಡಿಯಲ್ಲಿ ಕರಿಮೆಣಸು. ಮೆಣಸಿಗೆ ಗುಡಿ ಕಟ್ಟಿಸುವಷ್ಟು ಬೆಲೆ ಇತ್ತು ಆಗ, ಅದು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯ ಕಡೆಯಿಂದ. ಅದೇ ಶತಮಾನದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ.

2003ರ ಮೇ ತಿಂಗಳಲ್ಲಿ ವಿಯೆನ್ನಾದ ಮ್ಯೂಸಿಯಂನಿಂದ ಇದು ಕಳುವಾಯಿತು. 2006ರ ಜನವರಿಯಲ್ಲಿ ಒಂದು ಕಾಡಿನಲ್ಲಿ, ಸೀಸದ ಪೆಟ್ಟಿಗೆಯಲ್ಲಿ ಹೂತಿಟ್ಟದ್ದು ಸಿಕ್ಕಿತು.

ಹೆಂಗಸರು ಇರಲಿಲ್ವಾ?

ಇದ್ದರು. ಕ್ರೆಮೋನಾದ ಸೊಫೊನಿಸ್ಬಾ ಅಂಗ್ವಿಸ್ಸೋಲಾ 1559ರಲ್ಲಿ ಸ್ಪೇನಿನ ಆಸ್ಥಾನಕ್ಕೆ ಹೋದಳು. ನಗುವ ಹುಡುಗಿಯ ಒಂದು ಚಿತ್ರ ನೋಡಿ ಮೈಕೆಲ್ಯಾಂಜೆಲೊ, ಅಳುವ ಹುಡುಗನನ್ನು ಬರೆಯುವುದು ಕಷ್ಟ ಅಂದನಂತೆ. ಇವಳು ತನ್ನ ಪುಟ್ಟ ತಮ್ಮನ ಬೆರಳನ್ನು ಸಿಗಡಿಯಂಥ ಪ್ರಾಣಿ ಕಚ್ಚಿ ಹಿಡಿದ ಚಿತ್ರ ಬರೆದು ಕಳಿಸಿದಳು. ಬೊಲೊನ್ಯಾದ ಲವೀನಿಯಾ ಫೊಂತಾನಾ ಹನ್ನೊಂದು ಮಕ್ಕಳ ತಾಯಿ, ಮನೆ ನಡೆದದ್ದು ಅವಳ ಕುಂಚದಿಂದ. ನನ್ನ ಕೇಳಿದರೆ ಇಬ್ಬರನ್ನೂ ಪೂರ್ತಿ ಮ್ಯಾನರಿಸ್ಟ್ ಅನ್ನಲಾರೆ, ಅಷ್ಟು ತಿರುಚು ಅವರಿಗೆ ಬೇಕಿರಲಿಲ್ಲ.

ಹಾಗಾದ್ರೆ ಮೈಕೆಲ್ಯಾಂಜೆಲೊ ಮ್ಯಾನರಿಸ್ಟಾ?

ಕೊನೆಯ ಮೂವತ್ತು ನಲವತ್ತು ವರ್ಷ, ಹೌದು ಅನ್ನಬಹುದು. ಸಿಸ್ಟೀನ್ ಚಾಪೆಲಿನ ಗೋಡೆಯ ಮೇಲೆ ಅವನು ಬರೆದ ‘ಕೊನೆಯ ತೀರ್ಪು’ 1541ರಲ್ಲಿ ಮುಗಿಯಿತು. ಬೆತ್ತಲೆ ಜಾಸ್ತಿ ಅಂತ ಗಲಾಟೆ ಎದ್ದಿತು. ದೂರು ಹೇಳಿದ ಪೋಪನ ಅಧಿಕಾರಿ ಬಿಯಾಜೊನನ್ನು ನರಕದ ಮೂಲೆಯಲ್ಲಿ ಕತ್ತೆ ಕಿವಿ ಇಟ್ಟು ಬರೆದುಬಿಟ್ಟಿದ್ದ.

ಮತ್ತೆ ಇದು ಮುಗಿದದ್ದು ಹೇಗೆ?

ಚರ್ಚಿಗೆ ಸಾಕಾಯಿತು. 1563ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಸಭೆ ಚಿತ್ರಗಳ ಬಗ್ಗೆ ನಿಯಮ ಮಾಡಿತು. ದೇವರ ಚಿತ್ರ ಜನರಿಗೆ ಅರ್ಥವಾಗಬೇಕು, ಭಕ್ತಿ ಹುಟ್ಟಿಸಬೇಕು, ಕಣ್ಣಿಗೆ ಆಸೆ ಹುಟ್ಟಿಸಬಾರದು. ಕೂಡಲೇ ದಾನಿಯೆಲೆ ದ ವೊಲ್ತೆರಾ ‘ಕೊನೆಯ ತೀರ್ಪಿ’ನ ಬೆತ್ತಲೆ ಮೈಗಳಿಗೆ ಬಟ್ಟೆ ತೊಡಿಸಬೇಕಾಯಿತು. ಅವನೂ ಒಳ್ಳೆ ಕಲಾವಿದ, ಪಾಪ, ಆದರೆ ಅಂದಿನಿಂದ ಚಡ್ಡಿ ಹೊಲಿಯುವವ ಅನ್ನೋ ಅಡ್ಡಹೆಸರು ಅಂಟಿತು. 1580ರ ದಶಕದಲ್ಲಿ ಬೊಲೊನ್ಯಾದ ಕರಾಚ್ಚಿ ಮನೆಯ ಹುಡುಗರು, ಆಮೇಲೆ ಕಾರವಾಜೊ, ಮತ್ತೆ ನಿಜವಾದ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯತೊಡಗಿದರು. ಕಾರವಾಜೊನ ಹೆಣಕ್ಕೆ ಭಾರ ಇದೆ.

ಫ್ಲಾರೆನ್ಸಿನಲ್ಲಿ ನನಗೆ ಅರ್ಧ ದಿನ ಮಾತ್ರ ಇದೆ. ಏನು ನೋಡಲಿ?

ಪೊಂತೆ ವೆಕ್ಕಿಯೊ ಸೇತುವೆ ದಾಟಿದರೆ ಸಾಂತಾ ಫೆಲಿಚಿತಾ ಸಿಗುತ್ತದೆ. ಒಳಗೆ ಹೋದ ಕೂಡಲೇ ಬಲಗಡೆಯ ಕೋಣೆ. ಹತ್ತು ನಿಮಿಷವಾದರೂ ನಿಲ್ಲಿ, ಕಣ್ಣು ಹೊಂದಿಕೊಳ್ಳಲಿ. ಸೇತುವೆ ವಾಪಸ್ ದಾಟಿ ಉಫಿಜಿಗೆ ಬಂದು ಉದ್ದ ಕತ್ತು, ಎಲೆನೊರಾ ಎರಡನ್ನೇ ನೋಡಿ. ಬೊತ್ತಿಚೆಲ್ಲಿಯ ಚಿತ್ರಗಳ ಮುಂದಿನ ಗುಂಪಿನಲ್ಲಿ ಸಿಕ್ಕಿಕೊಂಡರೆ ಸಮಯ ಹೋಯಿತು. ಹೊರಗೆ ಬಂದರೆ ಪಕ್ಕದಲ್ಲೇ ಲೋಜ್ಜಾ, ಅಲ್ಲಿಗೆ ಟಿಕೆಟ್ ಇಲ್ಲ. ಸೇಬೈನ್ ಹೆಣ್ಣನ್ನು ಒಂದು ಸುತ್ತು ಹಾಕಿ, ಆಮೇಲೆ ಪರ್ಸಿಯಸ್ ಹತ್ತಿರ ಹೋಗಿ. ಎಲ್ಲರೂ ಮುಂದಿನಿಂದ ಫೋಟೋ ತೆಗೆದುಕೊಂಡು ಹೋಗಿಬಿಡುತ್ತಾರೆ. ನೀವು ಹಿಂದೆ ಹೋಗಿ ಅವನ ಶಿರಸ್ತ್ರಾಣ ಮತ್ತು ಕತ್ತಿನ ಮೇಲಿನ ಗುಂಗುರು ಕೂದಲನ್ನು ನೋಡಿ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಗಡ್ಡದ ಮುಖ ಕಾಣುತ್ತದೆ. ಚೆಲ್ಲಿನಿಯದೇ ಅನ್ನುತ್ತಾರೆ.